ಹದಿಮೂರನೆಯ ಪಾಲು

ಅನುಮಾನ ನನ್ನ ಹುಟ್ಟುಗುಣ. ಲಿಂಗಸುಗೂರಿನ ನನ್ನ ಮನೆಯ ಅಡುಗೆ ಕಟ್ಟೆಯ ಮೇಲೆ ಒಂದು ಸಣ್ಣ ತೂಕದ ಯಂತ್ರವಿದೆ. ಕಿರಾಣಿ ಅಂಗಡಿಯಿಂದ ಬಂದ ಸಕ್ಕರೆ ಪೊಟ್ಟಣ ಅದರ ಮೇಲೆ ಒಮ್ಮೆ ಕೂತೆದ್ದ ಮೇಲೆಯೇ ಡಬ್ಬಿ ಸೇರುವುದು. ಬೆಳಗಿನ ಬಸ್ಸಿನ ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಮಸ್ಕಿ ಬರುವಷ್ಟರಲ್ಲಿ ಎರಡು ಸಲ ಎಣಿಸಿರುತ್ತೇನೆ. "ಮದುವಿ ದಿನ ತಾಳಿ ತೂಕ ಮಾಡಿಸಲಿಲ್ಲಲ್ಲ, ಅದಾ ನನ್ನ ಪುಣ್ಯ" ಎಂದು ಗಂಡ ಛೇಡಿಸುತ್ತಾರೆ. ಮಾಡಿಸಿದ್ದೆ. ಅವರಿಗೆ ಇನ್ನೂ ಗೊತ್ತಿಲ್ಲ.

ಇಂಥವಳ ಕೈಗೆ, ಗಣಿತದ ಪಾಠದೊಳಗೇ ಮಕ್ಕಳಿಗೆ ಹಣಕಾಸಿನ ತಿಳಿವಳಿಕೆ ಕೊಡಿ ಎಂದು ಮೇಲಿನಿಂದ ಸೂಚನೆ ಬಂದರೆ ಏನಾಗಬೇಡ? ಮಸ್ಕಿ ದಾಟಿ, ಸಿಂಧನೂರಿನಲ್ಲಿ ಇನ್ನೊಂದು ಬಸ್ಸು ಹಿಡಿದು ನಾನು ಹೋಗುವ ಶಾಲೆ ಕಾಲುವೆ ನೀರಾವರಿಯ ಒಂದು ಊರಿನಲ್ಲಿದೆ. ಎಂಟನೆಯ ತರಗತಿಯ ಪುಸ್ತಕದಲ್ಲಿ ಯಾರೋ ಒಬ್ಬ ವ್ಯಾಪಾರಿ ಎಲ್ಲ ಅಧ್ಯಾಯಗಳಲ್ಲೂ ಏನನ್ನಾದರೂ ಕೊಳ್ಳುತ್ತಾನೆ, ಮಾರುತ್ತಾನೆ, ಲಾಭ ಮಾಡುತ್ತಾನೆ. ಅವನ ಲಾಭ ಕಟ್ಟಿಕೊಂಡು ನಮ್ಮ ಮಕ್ಕಳಿಗೆ ಏನಾಗಬೇಕು? ಅವರ ಮನೆಯ ಲೆಕ್ಕವನ್ನೇ ತರಗತಿಗೆ ತರಿಸಬೇಕು ಎಂದು ನಿರ್ಧರಿಸಿದೆ.

ಮೊದಲ ಪ್ರಯತ್ನ ನೆಲ ಕಚ್ಚಿತು. ಮನೆಯ ತಿಂಗಳ ಆದಾಯ ಎಷ್ಟು, ಖರ್ಚು ಎಷ್ಟು, ಉಳಿತಾಯ ಶೇಕಡಾ ಎಷ್ಟು ಎಂದು ಬರೆದು ತರಲು ಹೇಳಿದ್ದೆ. ಮೂವತ್ತೆಂಟು ಮಕ್ಕಳು ಬರೆದು ತಂದರು. ಮೂವತ್ತೆಂಟು ಮನೆಗಳ ಆದಾಯವೂ ಒಂದೇ, ಒಂದು ರೂಪಾಯಿ ಆಚೆಯಿಲ್ಲ ಈಚೆಯಿಲ್ಲ. ಇದೇನು ಊರೋ ಸಹಕಾರಿ ಸಂಘವೋ ಎಂದುಕೊಳ್ಳುತ್ತಿರುವಾಗಲೇ ಒಬ್ಬ ತಂದೆ ಬಾಗಿಲಲ್ಲಿ ನಿಂತಿದ್ದ.

"ಟೀಚರ, ನಮ್ಮ ಮನ್ಯಾಗ ಎಷ್ಟು ಬರ್ತತಿ, ಎಷ್ಟು ಹೋಗ್ತತಿ, ನಿಮಗ್ಯಾಕ ಬೇಕ್ರಿ?"

"ಪಾಠಕ್ಕಪ್ಪಾ. ಶೇಕಡಾ ಕಲಸಾಕ."

"ಹಿಂಗಾ ಹೇಳ್ತಾರ್ರಿ ಎಲ್ಲಾರೂ. ಆಮ್ಯಾಲ ರೇಶನ್ ಕಾರ್ಡಿಗೆ ಕತ್ತರಿ ಬೀಳ್ತತಿ. ಹುಡುಗರ ಬಾಯಿಂದ ತಗದು ಮ್ಯಾಲ ಕಳಸಾಕತ್ತೀರಿ ಅಂತ ಊರ ತುಂಬ ಸುದ್ದಿ ಐತಿ."

ನನಗೆ ಸಿಟ್ಟು ಬಂತು, ಒಳಗೊಳಗೇ ಮೆಚ್ಚುಗೆಯೂ ಆಯಿತು. ಅವನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಅನ್ನುತ್ತಿದ್ದೆ. ಮುಖ್ಯ ಗುರುಗಳು ನನ್ನನ್ನು ಕರೆದು, "ಸುಮ್ಮನ ಪುಸ್ತಕದಾಗಿಂದು ಮಾಡ್ರಿ ತಾಯಿ, ಇಲ್ಲದ ಉಸಾಬರಿ ಯಾಕ" ಎಂದರು. ನಾನು ಸುಮ್ಮನಿರುವ ಪೈಕಿ ಅಲ್ಲ.

ಎರಡನೆಯ ಸಲ ನಮೂನೆ ಬದಲಿಸಿದೆ. ಮನೆಯ ಆದಾಯ ಬೇಡ. ಒಂದು ಕೆಲಸ, ಒಂದು ಹಾಳೆ. ಯಾವ ಕೆಲಸ ಎಷ್ಟಾಯಿತು, ದರ ಎಷ್ಟು, ಎಷ್ಟು ಜನ, ಎಷ್ಟು ದಿನ ದುಡಿದರು, ಮನೆಗೆ ಎಷ್ಟು ಬಂತು. ಹೀಗೆ ಐದು ಕಾಲಮ್ಮು. ಹೆಸರು ಬರೆಯುವಂತಿಲ್ಲ, ಹಾಳೆಯ ಹಿಂದೆ ಹಾಜರಿ ನಂಬರು ಮಾತ್ರ. ಹೊರಗೆ ನೆಲ್ಲು ಹಚ್ಚುವ ಹಂಗಾಮು ಜೋರಾಗಿತ್ತು. ಕಾಲುವೆಗೆ ನೀರು ಬಿಟ್ಟಿದ್ದರು, ಊರಿನ ಹೆಂಗಸರೆಲ್ಲ ಗದ್ದೆಯಲ್ಲಿದ್ದರು. ಮುಕ್ಕಾಲು ಪಾಲು ಹಾಳೆಗಳು ನಾಟಿಯ ಲೆಕ್ಕವೇ ಆಗಿ ಬಂದವು. ಎಕರೆಗೆ ಇಷ್ಟು ಎಂದು ಗುತ್ತಿಗೆ ಮಾತಾಡುವುದು, ಹತ್ತು ಹನ್ನೆರಡು ಹೆಂಗಸರ ಗುಂಪು ಹಚ್ಚುವುದು, ಬಂದದ್ದನ್ನು ಗುಂಪಿನ ಮುಂದಾಳು ಹಂಚುವುದು ಇಲ್ಲಿನ ಪದ್ಧತಿ. ಆ ಮುಂದಾಳನ್ನು ಮೇಸ್ತ್ರಿ ಅನ್ನುತ್ತಾರೆ.

ಹಾಳೆಗಳನ್ನು ಬಸ್ಸಿನಲ್ಲೇ ತಿದ್ದಲು ಕೂತೆ. ಮೂರು ಹಾಳೆಗಳು ಒಂದೇ ಗುಂಪಿನವು. ಎಕರೆಗೆ ಮೂರು ಸಾವಿರದ ಒಂಬೈನೂರು, ಹದಿನಾಲ್ಕು ಎಕರೆ, ಹನ್ನೆರಡು ಜನ, ಎಂಟು ದಿನ, ಮನೆಗೆ ಬಂದದ್ದು ನಾಲ್ಕು ಸಾವಿರದ ಇನ್ನೂರು. ಒಂದು ಜಾಗ ಬಿಟ್ಟರೆ ಮೂರರಲ್ಲೂ ಅದೇ ಅಂಕಿಗಳು. ಒಂದು ಮೇಸ್ತ್ರಿಯ ಮಗಳದ್ದು. ಇನ್ನೊಂದನ್ನು ತಂದವನು ಗುಂಪಿಗೆ ಹೊಸದಾಗಿ ಸೇರಿದ್ದ ಒಬ್ಬ ಸೊಸೆಯ ಮೈದುನ. ಮೂರನೆಯದು ಹಿಂದಿನ ಬೆಂಚಿನಲ್ಲಿ ಕೂರುವ ಒಬ್ಬ ಸಪ್ಪೆ ಹುಡುಗಿಯದು. ಅದರಲ್ಲಿ "ಎಷ್ಟು ದಿನ ದುಡಿದರು" ಎಂಬ ಕಾಲಮ್ಮು ಖಾಲಿ. ಮಗ್ಗುಲಿನವರದನ್ನು ನೋಡಿ ಇಳಿಸುವಾಗ ಒಂದು ಅಂಕಿ ಬಿಟ್ಟಿದ್ದಾಳೆ ಎಂದು ನನ್ನ ಬುದ್ಧಿ ಹೇಳಿತು. ಕೆಂಪು ಪೆನ್ನಿನಲ್ಲಿ ನಾನೇ "8" ಎಂದು ತುಂಬಿ, "ನಕಲು ಮಾಡಬಾರದು" ಎಂದು ಕೆಳಗೆ ಬರೆದೆ.

ಆಮೇಲೆ ಗುಣಿಸಿ ಭಾಗಿಸಿದೆ. ಹದಿನಾಲ್ಕು ಎಕರೆಗೆ ಐವತ್ನಾಲ್ಕು ಸಾವಿರದ ಆರುನೂರು. ಹನ್ನೆರಡು ಜನಕ್ಕೆ ಹಂಚಿದರೆ ತಲೆಗೆ ನಾಲ್ಕು ಸಾವಿರದ ಐನೂರೈವತ್ತು ಬರಬೇಕು. ಬಂದದ್ದು ನಾಲ್ಕು ಸಾವಿರದ ಇನ್ನೂರು. ತಲೆಗೆ ಮುನ್ನೂರೈವತ್ತು ರೂಪಾಯಿ ಎಲ್ಲಿ ಹೋಯಿತು? ಬಸ್ಸಿನಲ್ಲಿ ನನಗೆ ಕೂರಲಾಗಲಿಲ್ಲ. ಕಳ್ಳ ಸಿಕ್ಕ ಖುಷಿ ಅದು, ಮುಚ್ಚಿಟ್ಟುಕೊಳ್ಳುವುದೇಕೆ.

ಮರುದಿನ ಹೆಸರು ಹೇಳದೆ ಲೆಕ್ಕವನ್ನು ಹಲಗೆಯ ಮೇಲೆ ಬರೆದೆ. ಹೆಸರು ಹೇಳದಿದ್ದರೇನು, ಯಾವ ಗುಂಪು ಎಂದು ಮಕ್ಕಳಿಗೆ ನಾನು ಬಳಪ ಕೆಳಗಿಡುವ ಮೊದಲೇ ಗೊತ್ತಾಗಿತ್ತು. ಆ ಮೈದುನ ಎದ್ದು ನಿಂತ.

"ಟೀಚರ, ಹನ್ನೆರಡು ಮಂದೀಗೆ ಅಲ್ರಿ. ಹದಿಮೂರು ಮಂದೀಗೆ ಹಂಚಿದ್ರ ಬರೋಬ್ಬರಿ ಕುಂದರ್ತತಿ."

"ಶಾಬಾಸ್! ಹಂಗಾರ ಆ ಹದಿಮೂರನೇದವರು ಯಾರು?"

ಇಡೀ ತರಗತಿ ಮೇಸ್ತ್ರಿಯ ಮಗಳ ಕಡೆ ತಿರುಗಿತು. ಆಕೆ ಎದ್ದಳು. "ನಮ್ಮವ್ವ ಒಂದಾ ಪಾಲು ತಂದಾಳ್ರಿ ಟೀಚರ. ಖರೇನಾ."

ಅಲ್ಲಿಗೆ ನಾನು ಹಲಗೆ ಒರೆಸಬೇಕಿತ್ತು. ಒರೆಸಲಿಲ್ಲ. ಮಗಳಿಂದಲೂ ಮುಚ್ಚಿಟ್ಟಿದ್ದಾಳಲ್ಲ, ಎಂಥ ಚಾಲಾಕಿ ಹೆಂಗಸು ಎಂದುಕೊಂಡೆ. "ಮುಚ್ಚಿಟ್ಟ ಕಮಿಷನ್" ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಡಿಗೆರೆ ಎಳೆದೆ. ಒಟ್ಟು ಮೊತ್ತದಲ್ಲಿ ಅದು ಶೇಕಡಾ ಎಷ್ಟು ಎಂದು ಎಲ್ಲರಿಂದಲೂ ಲೆಕ್ಕ ಹಾಕಿಸಿದೆ. ಏಳೂವರೆಗಿಂತ ತುಸು ಹೆಚ್ಚು ಬಂತು. ನಿಮ್ಮ ಹಣ ಯಾರ ಕೈಯಲ್ಲಿದ್ದರೂ ಲೆಕ್ಕ ಕೇಳುವುದು ನಿಮ್ಮ ಹಕ್ಕು ಎಂದು ಹತ್ತು ನಿಮಿಷ ಭಾಷಣ ಮಾಡಿದೆ. ಗಂಟೆ ಬಾರಿಸುವ ತನಕ ಮೇಸ್ತ್ರಿಯ ಮಗಳು ನಿಂತೇ ಇದ್ದಳು. ನಾನು ಕೂರು ಎಂದು ಹೇಳುವುದನ್ನು ಮರೆತಿದ್ದೆ.

ಮರುದಿನ ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗಿನ ಬೇವಿನ ಗಿಡದ ಕೆಳಗೆ ಗುಂಪಿನ ಹೆಂಗಸರೆಲ್ಲ ನೆರೆದಿದ್ದರು. ನಡುವೆ ಮೇಸ್ತ್ರಿ, ನಲವತ್ತೈದರ ಆಸುಪಾಸಿನ ಒಣಕಲು ಮೈಯವಳು. ಮುಂದೆ ಆ ಹೊಸ ಸೊಸೆ, ಕೈಯಲ್ಲಿ ಮೈದುನನ ನೋಟ್‌ಬುಕ್ಕು.

"ಇದು ಸಾಲಿ ವ್ಯವಹಾರ ಅಲ್ಲ, ನೀವು ಒಳಗ ಬರ್ರಿ" ಎಂದು ಮುಖ್ಯ ಗುರುಗಳು ಕರೆದರು. ನಾನು ಹೊರಗೆ ಹೋದೆ.

"ಹೇಳಕ್ಕ, ನಮ್ಮ ಮುನ್ನೂರೈವತ್ತು ಎಲ್ಲಿ ಹೋದುವು?" ಸೊಸೆ ಕೇಳುತ್ತಿದ್ದಳು.

"ಹಂಚೀನಿ."

"ಯಾರಿಗೆ?"

"ಹಂಚೀನಿ ಅಂದ್ನೆಲ್ಲ." ಮೇಸ್ತ್ರಿ ನನ್ನ ಕಡೆ ತಿರುಗಿದಳು. "ಟೀಚರ, ನೀವು ಓದಿದವರು. ನಿಮ್ಮ ಲೆಕ್ಕ ಖರೆ ಐತಿ. ಕೈ ಮುಗೀತೀನಿ, ಇಷ್ಟಕ್ಕ ಬಿಡ್ರಿ."

"ಲೆಕ್ಕ ಖರೆ ಇದ್ದ ಮ್ಯಾಲ ಬಿಡೋದ್ಯಾಕವ್ವಾ? ರೊಕ್ಕ ಯಾರಿಗೆ ಹೋತು ಹೇಳಿದ್ರ ಮುಗೀತು."

ಆಕೆ ಮನೆಗೆ ಹೋಗಿ, ಸೀರೆಯ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬಂದಳು. ಹನ್ನೊಂದು ಹೆಂಗಸರಿಗೆ ಮುನ್ನೂರೈವತ್ತರಂತೆ ಎಣಿಸಿ ಕೊಟ್ಟಳು. ಆಕೆ ತಂದಿದ್ದ ನಾಲ್ಕು ಸಾವಿರದ ಇನ್ನೂರರಲ್ಲಿ ಕೊನೆಗೆ ಉಳಿದದ್ದು ಮುನ್ನೂರೈವತ್ತೇ. ತಪ್ಪಿಲ್ಲದವಳು ಯಾಕೆ ವಾಪಸು ಕೊಡುತ್ತಾಳೆ? ನನಗೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಗುಂಪಿನಲ್ಲಿ ನಾಲ್ವರು ಹಿರಿಯ ಹೆಂಗಸರಿದ್ದರು. ಅವರು ಗದ್ದಲದ ಉದ್ದಕ್ಕೂ ತುಟಿ ಬಿಚ್ಚಲಿಲ್ಲ, ನೆಲ ನೋಡುತ್ತ ನಿಂತಿದ್ದರು, ಹಣವನ್ನೂ ತಲೆ ಎತ್ತದೆ ಇಸ್ಕೊಂಡರು. ಇವರೂ ಪಾಲುದಾರರೇ ಇರಬೇಕು, ಅದಕ್ಕೇ ಬಾಯಿ ಬಿದ್ದುಹೋಗಿದೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಅಲ್ಲೇ ನಿಂತು ಅವರಿಗೊಂದು ಲೆಕ್ಕದ ವಹಿ ಹಾಕಿಕೊಟ್ಟೆ. ತಾರೀಖು, ಎಕರೆ, ದರ, ಹೆಸರು, ಪಾಲು, ಹೆಬ್ಬೆಟ್ಟು. ಹೆಸರಿಲ್ಲದೆ ಒಂದು ಪೈಸೆಯೂ ಹೋಗಬಾರದು ಎಂದು ಹೇಳಿ ವಹಿಯನ್ನು ಸೊಸೆಯ ಕೈಗೆ ಕೊಟ್ಟೆ. ಆ ಸಂಜೆ ಬಸ್ಸಿನಲ್ಲಿ ಚಿಲ್ಲರೆ ಎಣಿಸುವುದನ್ನೂ ಮರೆತೆ, ಅಷ್ಟು ಉಬ್ಬಿಹೋಗಿದ್ದೆ.

ಮೇಸ್ತ್ರಿಯ ಮಗಳು ಮರುದಿನ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಂದು ವಾರವಾಯಿತು. ಮೇಸ್ತ್ರಿ ಮಗಳನ್ನು ಶಾಲೆ ಬಿಡಿಸುತ್ತಾಳಂತೆ ಎಂದು ಮಕ್ಕಳು ಮಾತಾಡಿಕೊಂಡರು. ನಾನು ಕಲಿಸಿದ ಪಾಠದಿಂದ ಒಂದು ಹುಡುಗಿಯ ಓದು ನಿಲ್ಲುವುದೆಂದರೆ ನನಗೆ ಸಣ್ಣ ಮಾತಲ್ಲ. ಗಣಿತ ಚೆನ್ನಾಗಿ ಬರುತ್ತಿದ್ದ ನಾಲ್ಕೈದು ಮಕ್ಕಳಲ್ಲಿ ಆಕೆಯೊಬ್ಬಳು. ಅಷ್ಟರಲ್ಲಿ ಹಿಂದಿನ ಬೆಂಚಿನ ಆ ಸಪ್ಪೆ ಹುಡುಗಿಯೂ ಎರಡು ದಿನದಿಂದ ನಾಪತ್ತೆ. ಆಕೆಯ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಬಿಸಿಯೂಟದ ಅಡುಗೆಯಾಕೆ ಮೊದಲು ಅದೇ ಗುಂಪಿನಲ್ಲಿ ದುಡಿದವಳು. ಮೇಸ್ತ್ರಿಗೆ ಒಂದು ಮಾತು ಮುಟ್ಟಿಸಲು ಹೇಳೋಣವೆಂದು ಅಡುಗೆ ಕೋಣೆಗೆ ಹೋದೆ. ಅಕ್ಕಿ ಹಸನು ಮಾಡುತ್ತ ಕೂತಿದ್ದಳು.

"ಮಗಳನ್ನ ಸಾಲಿಗೆ ಕಳಸಂತ ಹೇಳವ್ವ. ಅವ್ವ ಮಾಡಿದ್ದಕ್ಕ ಮಗಳೇನು ಮಾಡ್ತಾಳ?"

ಮೊರ ಕೆಳಗಿಟ್ಟಳು. "ಅವ್ವ ಏನು ಮಾಡ್ಯಾಳ್ರಿ?"

"ಅಲ್ಲ, ಒಂದು ಪಾಲು ಹೊಡದಾಳಲ್ಲ…"

"ಟೀಚರ, ಆ ಪಾಲು ನಾನೂ ಎರಡು ಸಲ ತಿಂದೀನಿ. ಒಮ್ಮೆ ಹಡದಾಗ, ಒಮ್ಮೆ ಕಾಲು ಮುರದಾಗ. ಗುಂಪಿನಾಗ ಯಾರು ಹಂಗಾಮಿಗೆ ಬರಾಕ ಆಗದಂಗ ಕುಂದರ್ತಾರ, ಅವರಿಗೆ ಒಂದು ಪಾಲು. ಈಕಿಗಿಂತ ಮೊದಲಿನ ಮೇಸ್ತ್ರಿ ಕಾಲದಿಂದ್ಲೂ ಹಿಂಗಾ ಐತ್ರಿ."

"ಹಂಗಾರ ಅವತ್ತು ಹೇಳಬಾರದಿತ್ತೇನು? ಹೊಸಬರಿಗೆ ಗೊತ್ತೇ ಇಲ್ಲಲ್ಲ?"

"ಹೊಸಬರಿಗೆ ಯಾರೂ ಹೇಳಂಗಿಲ್ರಿ. ನಿಮ್ಮ ಪಾಳಿ ಬಂದಾಗ ಮೇಸ್ತ್ರಿ ತಾನಾ ಮನೀಗೆ ಬಂದು ಕೊಡ್ತಾಳ. ಆವಾಗ ಗೊತ್ತಾಗ್ತತಿ. ಕೊಟ್ಟದ್ದು ಆಕಿ ಹೇಳಂಗಿಲ್ಲ, ಇಸ್ಕೊಂಡದ್ದು ನಾವು ಹೇಳಂಗಿಲ್ಲ. ಬೀದ್ಯಾಗ ಹೆಸರು ಹೇಳಿ ಕೊಟ್ರ ಯಾರು ಇಸ್ಕೋತಾರ್ರಿ? ಕೂಲಿ ಮಂದಿ ಕೈಯಾಗ ಬೇಡಿ ತಿಂದಾಳ ಅಂತ ಗಂಡನ ಮನಿಯವರು ಆಡಿಕೊಳ್ಳಂಗಿಲ್ಲೇನು?"

ಆ ನಾಲ್ವರು ಹಿರಿಯರು ಅಂದು ತಾವು ಇಸ್ಕೊಂಡ ಹಣವನ್ನು ಅದೇ ದಿನ ಕತ್ತಲಾಗುವ ಮೊದಲೇ ಮೇಸ್ತ್ರಿಯ ಮನೆಗೆ ಹೋಗಿ ಇಟ್ಟು ಬಂದಿದ್ದರಂತೆ. ಅವರೆಲ್ಲರೂ ಒಂದಲ್ಲ ಒಂದು ವರ್ಷ ಆ ಪಾಲು ಪಡೆದವರೇ.

ನಂಬಲಿಕ್ಕೆ ನನ್ನ ಮನಸ್ಸು ಆಗಲೂ ತಯಾರಿರಲಿಲ್ಲ. ಈಕೆ ಮೇಸ್ತ್ರಿಯ ಕಡೆಯವಳೇನೋ, ಕಥೆ ಕಟ್ಟುತ್ತಿದ್ದಾಳೇನೋ. "ಹಂಗಾರ ಈ ಸಲ ಯಾರಿಗೆ ಹೋಗೈತಿ?" ಎಂದೆ, ಪೊಲೀಸರ ಹಾಗೆ.

ಆಕೆ ನನ್ನನ್ನೇ ನೋಡಿದಳು. "ಹಾಳಿ ನಿಮ್ಮ ಹಂತ್ಯಾಕ ಅದಾವಲ್ರಿ. ನೋಡಿಕೊಳ್ರಿ."

ಸ್ಟಾಫ್ ರೂಮಿಗೆ ಹೋಗಿ ಕಟ್ಟು ಬಿಚ್ಚಿದೆ. ಹಿಂದಿನ ಬೆಂಚಿನ ಹುಡುಗಿಯ ಹಾಳೆ. ಮನೆಗೆ ಬಂದದ್ದು ನಾಲ್ಕು ಸಾವಿರದ ಇನ್ನೂರು. ದುಡಿದ ದಿನದ ಕಾಲಮ್ಮಿನಲ್ಲಿ ನನ್ನ ಕೆಂಪು "8". ಆ ಹುಡುಗಿ ನಕಲು ಮಾಡಿರಲಿಲ್ಲ. ಆಕೆಯ ಅವ್ವ ಒಂದು ದಿನವೂ ದುಡಿದಿರಲಿಲ್ಲ, ಆದ್ದರಿಂದ ಆ ಜಾಗವನ್ನು ಖಾಲಿ ಬಿಟ್ಟಿದ್ದಳು. ಇಡೀ ತರಗತಿಯಲ್ಲಿ ಅಷ್ಟು ಪ್ರಾಮಾಣಿಕವಾದ ಹಾಳೆ ಇನ್ನೊಂದಿರಲಿಲ್ಲ, ಅದಕ್ಕೆ ನಾನು ಸುಳ್ಳು ಅಂಕಿ ತುಂಬಿ ಆಕೆಯನ್ನೇ ಕಳ್ಳಿ ಮಾಡಿದ್ದೆ. ಥೂ ನನ್ನ ಜನ್ಮಕ್ಕಿಷ್ಟು ಎಂದು ಬಾಯಿಬಿಟ್ಟೇ ಅಂದುಕೊಂಡೆ.

ಮತ್ತೆ ಅಡುಗೆ ಕೋಣೆಗೆ ಹೋದೆ. "ಆ ಹುಡುಗಿ ಅವ್ವಗ ಏನಾಗೈತಿ?"

"ಹಡದು ಇವತ್ತಿಗೆ ಇಪ್ಪತ್ತೆರಡು ದಿನ. ಬಾಣಂತನ ಎಲ್ಲೈತ್ರಿ? ಮೇಸ್ತ್ರಿ ತನ್ನ ದುಡಿಮಿ ಕೊಟ್ಟಾಳಂತ ಕಿವಿಗೆ ಬಿತ್ತು. ಅದನ್ನ ತೀರಸ್ತೀನಿ ಅಂತ ಹಟ ಹಿಡದು ಮೊನ್ನಿಂದ ನೆಲ್ಲು ಹಚ್ಚಾಕ ಹೋಗ್ಯಾಳ. ಮಗಳು ಕೂಸು ಹಿಡಕೊಂಡು ಬದುವಿನ ಮ್ಯಾಲ ಕುಂತಿರ್ತಾಳ."

ಅರ್ಧ ದಿನದ ರಜೆ ಬರೆದುಕೊಟ್ಟು ಹೊರಟೆ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ತಡವಾಗಿ ಮುಟ್ಟುವುದರಿಂದ ಅಲ್ಲಿ ನಾಟಿ ಇನ್ನೂ ಮುಗಿದಿರಲಿಲ್ಲ. ಬದುವಿನ ಜಾಲಿ ಗಿಡಕ್ಕೆ ಸೀರೆಯ ಜೋಲಿ ಕಟ್ಟಿ ನನ್ನ ವಿದ್ಯಾರ್ಥಿನಿ ತೂಗುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ನಮಸ್ತೆ ಅಂದಳು. ಗದ್ದೆಯಲ್ಲಿ ಹದಿಮೂರು ಬೆನ್ನುಗಳು ಬಾಗಿದ್ದವು. ಹಸಿ ಬಾಣಂತಿ ಯಾರೆಂದು ತೋರಿಸಬೇಕಿರಲಿಲ್ಲ. ಹೊಟ್ಟೆಗೆ ಬಟ್ಟೆ ಬಿಗಿದುಕೊಂಡಿದ್ದಳು, ನಾಲ್ಕು ಹೆಜ್ಜೆಗೊಮ್ಮೆ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದಳು.

"ನನ್ನ ಲೆಕ್ಕ ತಪ್ಪಾಗೈತಿ" ಎಂದು ಬದುವಿನಿಂದಲೇ ಕೂಗಿದೆ.

"ಇಲ್ರಿ ಟೀಚರ, ನಾವೂ ಮೊಬೈಲಿನ್ಯಾಗ ಹೊಡದು ನೋಡೀವಿ. ಬರೋಬ್ಬರಿ ಐತಿ" ಎಂದಳು ಹೊಸ ಸೊಸೆ, ಸಸಿ ಚುಚ್ಚುತ್ತಲೇ.

ಮುಂದೇನು ಹೇಳಲಿ? ಬಾಯಿ ಬಿಟ್ಟರೆ ಆ ಬಾಣಂತಿಯ ಹೆಸರನ್ನು ನಾನೇ ಬೀದಿಗೆ ತಂದಂತೆ. ಮುಚ್ಚಿಕೊಂಡರೆ ಮೇಸ್ತ್ರಿ ಕಳ್ಳಿಯಾಗಿಯೇ ಉಳಿಯುತ್ತಾಳೆ, ಇವಳು ಕೆಸರಿನಲ್ಲೇ ಇರುತ್ತಾಳೆ. ಕೂಗುವ ಬದಲು ಅವಳನ್ನೇ ಕೇಳಬೇಕು ಅನ್ನಿಸಿತು. ಚಪ್ಪಲಿ ಬಿಟ್ಟು ಗದ್ದೆಗಿಳಿದೆ. ಮೊಣಕಾಲ ತನಕ ಹೂತುಹೋದೆ, ಸೀರೆಯೆಲ್ಲ ಕೆಸರು. ಅವಳ ಹತ್ತಿರ ಹೋಗಿ ಮೆಲ್ಲಗೆ, "ತಪ್ಪು ನಂದವ್ವ. ನಿನ್ನ ಹೆಸರು ಹೇಳದ ಹ್ಯಾಂಗ ಸರಿ ಮಾಡ್ಲಿ ನೀನಾ ಹೇಳು. ಮೇಸ್ತ್ರಿ ರೊಕ್ಕ ನಾ ಕೊಡ್ತೀನಿ, ನೀ ಮನೀಗೆ ನಡಿ" ಎಂದೆ.

"ನಿಮ್ಮದು ನಾ ಯಾಕ ಇಸ್ಕೊಳ್ಳಿ?" ಅವಳು ನೆಟ್ಟಗೆ ನಿಂತಳು. ಮುಖ ಬಿಳಿಚಿತ್ತು, ದನಿ ಗಟ್ಟಿಯಾಗಿತ್ತು. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು. "ಆರು ವರ್ಷ ಈ ಗುಂಪಿನಾಗ ದುಡದೀನ್ರಿ. ನನ್ನ ಪಾಲಿನ್ಯಾಗ ಹಂಗಾಮಿಗೊಮ್ಮೆ ಎಷ್ಟು ಹೋಗ್ತಿತ್ತೋ ನನಗೂ ಗೊತ್ತಿದ್ದಿಲ್ಲ. ಈ ಸಲ ಮೇಸ್ತ್ರಿ ಬಂದು ಕೈಯಾಗ ಇಟ್ಟಾಗ ಗೊತ್ತಾತು. ಹದಿಮೂರನೇ ಪಾಲು ನನಗ ಬಂದೈತಿ. ಅದು ಭಿಕ್ಷೆ ಅಲ್ಲ, ನನ್ನ ಪಾಳಿ ಇತ್ತು."

ಹೊಸ ಸೊಸೆ ಕೈಯಲ್ಲಿದ್ದ ಸಸಿಯ ಕಟ್ಟನ್ನು ನೀರಿಗೆ ಬಿಟ್ಟಳು.

"ಹೇಳಿದ್ರ ನಾವು ಬ್ಯಾಡ ಅಂತಿದ್ವೇನಕ್ಕ?" ಎಂದು ಮೇಸ್ತ್ರಿಯನ್ನು ಕೇಳಿದಳು. ಅಳು ಬಂದಿತ್ತು ಅವಳಿಗೆ.

"ನೀವು ಬ್ಯಾಡ ಅಂತಿದ್ದಿಲ್ಲ. ಈಕಿ ಬ್ಯಾಡ ಅಂತಿದ್ಲು" ಎಂದಳು ಮೇಸ್ತ್ರಿ.

ಬಾಣಂತಿಯನ್ನು ಇಬ್ಬರು ಹಿರಿಯರು ರಟ್ಟೆ ಹಿಡಿದು ಬದುವಿಗೆ ಹತ್ತಿಸಿದರು. ನಾನು ಮೇಸ್ತ್ರಿಯ ಮುಂದೆ ಕೈ ಮುಗಿದೆ. ತಪ್ಪಾಯಿತು, ಆದ ನಷ್ಟ ತುಂಬಿಕೊಡುತ್ತೇನೆ ಎಂದೆ. ಆಕೆ ಕೈ ತೊಳೆಯುತ್ತಲೇ ಮಾತಾಡಿದಳು.

"ರೊಕ್ಕದ್ದು ನಾವು ನಾವು ನೋಡಿಕೊಳ್ತೀವಿ. ನನ್ನ ಮಗಳನ್ನ ನಿಂದರಿಸಿ ನನಗ ಕಳ್ಳಿ ಅಂದ್ರೆಲ್ಲ, ಅದನ್ನ ಹ್ಯಾಂಗ ತುಂಬಿಕೊಡ್ತೀರಿ? ಆಕಿ ಅವತ್ತಿಂದ ನನ್ನ ಮಾರಿ ನೋಡಿ, 'ಖರೇನೇನವ್ವ' ಅಂತ ದಿನಾ ಕೇಳ್ತಾಳ. ಹೆತ್ತ ಮಗಳಿಗೂ ನಾ ಹೇಳಂಗಿದ್ದಿಲ್ಲ."

ಹಣ ಎಲ್ಲಿ ಹೋಯಿತು ಎಂದು ಕೇಳಲು ಮಕ್ಕಳಿಗೆ ಕಲಿಸಬಾರದು ಎಂದು ನಾನು ಇಂದಿಗೂ ಹೇಳುವುದಿಲ್ಲ, ಕಲಿಸಲೇಬೇಕು. ಆದರೆ ಕೇಳುವ ಮೊದಲೇ ನಾನು ಉತ್ತರವನ್ನು ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆದಿದ್ದೆ.

ಮರುದಿನ ತರಗತಿಯಲ್ಲಿ ಹೇಳಿದೆ: ನಾಟಿಯ ಲೆಕ್ಕದಲ್ಲಿ ಕಮಿಷನ್ ಎಂದು ನಾನು ಬರೆದದ್ದು ಸುಳ್ಳು, ಯಾರೂ ಏನನ್ನೂ ಮುಚ್ಚಿಟ್ಟುಕೊಂಡಿಲ್ಲ, ತಪ್ಪು ನನ್ನದು. ಆ ಮೈದುನ ಬಿಡಲಿಲ್ಲ, "ಮತ್ತ ಆ ಪಾಲು ಯಾರದ್ರಿ?" ಎಂದು ಕೇಳಿದ. ಗೊತ್ತಿದೆ, ಹೇಳುವುದಿಲ್ಲ ಎಂದೆ. ಹಿಂದಿನ ಬೆಂಚಿನ ಹುಡುಗಿಯ ಹಾಳೆಯನ್ನು ಹೊಸದಾಗಿ ಬರೆಸಿಕೊಂಡೆ, ಖಾಲಿ ಜಾಗವನ್ನು ಖಾಲಿಯೇ ಬಿಟ್ಟು. ಗುಂಪಿನವರು ಆಮೇಲೆ ಎಷ್ಟು ಭಾಗ ಮಾಡಿದರು, ನಾನು ಕೊಟ್ಟ ವಹಿ ಏನಾಯಿತು ಎಂದು ಯಾರನ್ನೂ ಕೇಳಲಿಲ್ಲ. ನನ್ನಂಥವಳಿಗೆ ಅದು ಸುಲಭವಾಗಿರಲಿಲ್ಲ.

ಮೇಸ್ತ್ರಿಯ ಮಗಳು ಮೂರು ದಿನ ಬಿಟ್ಟು ಶಾಲೆಗೆ ಬಂದಳು. ನನ್ನ ಪಾಠಕ್ಕೆ ಕೂರುತ್ತಾಳೆ, ಕೇಳಿದ್ದಕ್ಕೆ ಉತ್ತರಿಸುತ್ತಾಳೆ, ಪರೀಕ್ಷೆಯಲ್ಲೂ ಒಳ್ಳೆಯ ಅಂಕ ತೆಗೆದಳು. ಆದರೆ ಬೆಂಚುಗಳ ನಡುವೆ ನಡೆಯುತ್ತ ನಾನು ಅವಳ ಹತ್ತಿರ ಬಂದಾಗಲೆಲ್ಲ ಎಡಗೈಯನ್ನು ಅಡ್ಡ ಇಟ್ಟು ನೋಟ್‌ಬುಕ್ಕಿನ ಹಾಳೆಯನ್ನು ಮುಚ್ಚಿಕೊಳ್ಳುತ್ತಾಳೆ. ಒಮ್ಮೆ ಬಗ್ಗಿ ನೋಡಿದೆ. ಅದರಲ್ಲಿದ್ದದ್ದು ನಾನೇ ಕೊಟ್ಟ ವರ್ಗಮೂಲದ ಲೆಕ್ಕ.